ತಮ್ಮನ ಹೆಸರಿನಲ್ಲಿ ಕೊಂಡ ಶೂ

ಕಳೆದ ಭಾನುವಾರ ನೀವಿಬ್ಬರೂ ಚಾವಡಿಯಲ್ಲಿ ಕೂತು ಹೊಸ ಶೂವಿನ ಪೆಟ್ಟಿಗೆ ಬಿಚ್ಚಿದಾಗ ಅದರ ರಬ್ಬರಿನ ವಾಸನೆ ಅಡಿಗೆಮನೆಯ ತನಕ ಬಂತು. ನಾನು ಹಲಸಿನಕಾಯಿ ಹಪ್ಪಳಕ್ಕೆ ಉಂಡೆ ಕಟ್ಟುತ್ತಿದ್ದೆ. ಕೈ ಹಾಗೇ ನಿಂತಿತು. ಸ್ವಲ್ಪ ಅಂಟಿನ ಘಾಟು, ಸ್ವಲ್ಪ ಹೊಸ ಬಟ್ಟೆಯ ಗಂಜಿ, ಸ್ವಲ್ಪ ರಟ್ಟಿನ ಪೆಟ್ಟಿಗೆಯದ್ದು... ಎಷ್ಟೋ ವರ್ಷದಿಂದ ಆ ವಾಸನೆ ಮೂಗಿಗೆ ಬಂದಿರಲಿಲ್ಲ.

ಶ್ರಾವ್ಯಾ, ನೀನು ಮೇ ತಿಂಗಳ ಹಿಮಾಲಯದ ಶಿಬಿರಕ್ಕೆ ಒಯ್ಯಬೇಕಾದ ವಸ್ತುಗಳ ಪಟ್ಟಿ ಓದುತ್ತಿದ್ದೆ. ಹಣೆಗೆ ಕಟ್ಟುವ ಟಾರ್ಚು, ಬೇಗ ಒಣಗುವ ಪ್ಯಾಂಟು, ಮಡಚಿ ಚೀಲಕ್ಕೆ ಹಾಕುವ ಕೋಲು. ಚಿಂತು, ನೀನು ಒಂದು ಶೂವನ್ನು ಕೈಗೆ ಹಾಕಿಕೊಂಡು ಬಂದು ಕೇಳಿದೆ, "ಅಜ್ಜಿ, ನೀವು ಯಾವತ್ತಾದ್ರೂ ಶೂ ಹಾಕಿದ್ದುಂಟಾ?" ಒಂದು ಸಲ, ಅಂದೆ. "ಯಾರ ಮದುವೆಗೆ?" ಎಂದು ನೀನು ನಗಾಡಿದೆ. ನಾನೂ ನಕ್ಕು ಉಂಡೆ ಕಟ್ಟಲು ತೊಡಗಿದೆ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಏಳನೆಯ ಕ್ಲಾಸಿನ ತನಕ ಕಲಿತ ಅಕ್ಷರ ಉಂಟಲ್ಲ, ಅದರಲ್ಲಿ ಬರೆಯುತ್ತೇನೆ.

ಪುತ್ತೂರಿನ ಬಸ್‌ಸ್ಟ್ಯಾಂಡಿನಿಂದ ಎರಡು ಓಣಿ ಆಚೆ ಒಂದು ಚಪ್ಪಲಿ ಅಂಗಡಿ ಇತ್ತು. ಬೋರ್ಡಿನ ಮೇಲೆ ಏನೋ ಹೆಸರಿತ್ತು, ಆದರೆ ಕಾಣಿಯೂರಿನ ಕಡೆಯ ನಮಗೆಲ್ಲ ಅದು ಕಾಕನ ಅಂಗಡಿ. ಕಾಕ ಬ್ಯಾರಿಗಳು, ನಮ್ಮ ಕರಾವಳಿಯ ಮುಸ್ಲಿಮರು. ಚೌಕುಳಿ ಲುಂಗಿ, ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟ ಕನ್ನಡಕ, ಮಾತಿಗಿಂತ ಮೊದಲು ನಗು. ಅಂಗಡಿಯ ಹಿಂದೆ ಒಂದು ಗೋದಾಮಿನ ಕೋಣೆ, ಅದಕ್ಕೆ ತಾಗಿಕೊಂಡೇ ಅವರ ಮನೆ.

ಆ ಕಾಲದಲ್ಲಿ ಮನೆಯಲ್ಲಿದ್ದವರಿಗೆ ಚಪ್ಪಲಿ ತರಬೇಕಾದರೆ, ತೆಂಗಿನ ಗರಿಯ ಕಡ್ಡಿಯನ್ನು ಅವರ ಪಾದದ ಉದ್ದಕ್ಕೆ ಮುರಿದು ಪೇಟೆಗೆ ಒಯ್ಯುತ್ತಿದ್ದರು. ಕಾಕ ಕಡ್ಡಿಯನ್ನು ಚಪ್ಪಲಿಯ ಮೇಲಿಟ್ಟು, ಮುಂದೆ ಎಷ್ಟು ಜಾಗ ಬಿಡಬೇಕು ಎಂದು ನೋಡುತ್ತಿದ್ದರು. ಮುದುಕರಿಗೆ ಒಂದು ಅಳತೆ, ಬೆಳೆಯುವ ಮಕ್ಕಳಿಗೆ ಇನ್ನೊಂದು. ಅವರು ಕೊಟ್ಟದ್ದು ಕಾಲಿಗೆ ಆಗದೆ ವಾಪಸು ಬಂದದ್ದನ್ನು ನಾನು ಕಾಣೆ. ಮದುವೆಯಾದ ವರ್ಷದಿಂದ ನಮ್ಮ ಮನೆಯ ಎಲ್ಲರ ಚಪ್ಪಲಿಯೂ ಅಲ್ಲಿಯದೇ. ನಿಮ್ಮ ಅಜ್ಜ ಒಳಗೆ ಹೋಗಿ ಮಾತಾಡುತ್ತಿದ್ದರು, ನಾನು ಹೊರಗೆ ಮೆಟ್ಟಿಲ ಹತ್ತಿರ ನಿಲ್ಲುತ್ತಿದ್ದೆ.

ಈ ಶೂವಿನ ಕಥೆ ನಡೆಯುವಾಗ ಅಜ್ಜ ತೀರಿಹೋಗಿ ಎರಡು ವರ್ಷ ಆಗಿತ್ತು. ನನಗೆ ನಲವತ್ತೊಂದು. ನಿಮ್ಮ ಅಮ್ಮ ಹೈಸ್ಕೂಲಿನಲ್ಲಿದ್ದಳು. ಆ ಬೇಸಿಗೆಯಲ್ಲಿ ನಮ್ಮ ಹೆಂಗಸರ ಸಂಘದವರು ಕುಮಾರಪರ್ವತ ಹತ್ತುವುದೆಂದು ತೀರ್ಮಾನ ಮಾಡಿದರು. ಆಗ ಈಗಿನ ಹಾಗೆ ಬೇಸಿಗೆಯಲ್ಲಿ ಆ ದಾರಿಯನ್ನು ಮುಚ್ಚುತ್ತಿರಲಿಲ್ಲ. ಸಂಘದ ಅಧ್ಯಕ್ಷೆ ಶಾರದಕ್ಕ ಕೈ ತಟ್ಟಿ ಹೇಳಿದ್ದಳು, "ಗಂಡಸರು ಹೋಗಿ ಬಂದು ವರ್ಷಗಟ್ಲೆ ಅದನ್ನೇ ಕೊಚ್ಚಿಕೊಳ್ಳುದು. ನಾವು ಎಂತ, ಅವರ ಕಥೆ ಕೇಳ್ತಾ ದೋಸೆ ಹುಯ್ಯುದಾ?" ಎಲ್ಲರೂ ಬಿದ್ದು ಬಿದ್ದು ನಕ್ಕರು. ಬೆಳಗ್ಗೆ ಗೇರುಬೀಜ ಹೆಕ್ಕಲು ನಮ್ಮ ಗುಡ್ಡೆಯ ತುದಿಗೆ ಹೋದಾಗ ಪೂರ್ವದಲ್ಲಿ ಆ ಪರ್ವತ ನೀಲಿಯಾಗಿ ಕಾಣುತ್ತಿತ್ತು. ಇಪ್ಪತ್ತು ವರ್ಷ ಅದನ್ನು ಕೆಳಗಿನಿಂದ ನೋಡಿದ್ದೆ. ಹೋಗಬೇಕು ಎಂದು ಅಷ್ಟು ಗಟ್ಟಿಯಾಗಿ ನನಗೆ ಯಾವುದಕ್ಕೂ ಅನ್ನಿಸಿದ್ದಿಲ್ಲ.

ಆದರೆ ಮನೆಯಲ್ಲಿ ಹೇಳಲಿಲ್ಲ. ಪರ್ವತದ ದಾರಿ ಸುರುವಾಗುವುದು ಸುಬ್ರಹ್ಮಣ್ಯದಿಂದಲೇ, ಹಾಗಾಗಿ ಸಂಘದವರ ಜೊತೆ ಅಲ್ಲಿಗೆ ಹೋಗಿ ಬರುತ್ತೇನೆ ಎಂದೆ. ದೇವರ ದರ್ಶನಕ್ಕೆ ಎಂದುಕೊಂಡು ಅತ್ತೆ ತಲೆ ಆಡಿಸಿದರು. ಅತ್ತೆ ಕೆಟ್ಟವರಲ್ಲ ಮಕ್ಕಳೇ. ಬೇಡ ಎಂದು ಯಾರೂ ಏನನ್ನೂ ಹೇಳಿರಲಿಲ್ಲ. ಆದರೂ ಆ ಎರಡು ವರ್ಷದಲ್ಲಿ ನಾನು ನನಗೆಂದು ಪೇಟೆಯಿಂದ ಒಂದು ಪಿನ್ನನ್ನೂ ತಂದಿರಲಿಲ್ಲ. ಮಗನನ್ನು ಕಳಕೊಂಡ ತಾಯಿಯ ಮುಂದೆ, ನಾನು ಸಂತೋಷಕ್ಕೆ ಗುಡ್ಡೆ ಹತ್ತಲು ಹೋಗುತ್ತೇನೆ ಎಂದು ಹೇಗೆ ಹೇಳುವುದು...

ಹವಾಯಿ ಚಪ್ಪಲಿ ಆ ದಾರಿಗೆ ಆಗುವುದಿಲ್ಲ, ತರಗೆಲೆ ಜಾರುತ್ತದೆ ಎಂದು ಶಾರದಕ್ಕ ಹೇಳಿದ್ದಳು. ಹಾಗಾಗಿ ನಾನೇ ಜಗಲಿಯಲ್ಲಿ ಕೂತು, ಕಡ್ಡಿಯನ್ನು ನನ್ನ ಪಾದಕ್ಕೆ ಹಿಡಿದು ಮುರಿದು, ಸೆರಗಿನ ತುದಿಗೆ ಕಟ್ಟಿ ಪುತ್ತೂರಿನ ಬಸ್ಸು ಹತ್ತಿದೆ.

ಕಾಕನ ಮುಂದೆ ಕಡ್ಡಿ ಇಟ್ಟು, ಗುಡ್ಡೆ ಹತ್ತುವ ಶೂ ಬೇಕು, ಅಂದೆ. ಯಾರಿಗೆ ಎಂದು ಕೇಳಿದರು. ಅಂಗಡಿಯಲ್ಲಿ ಇನ್ನೂ ನಾಲ್ಕೈದು ಜನ ಇದ್ದರು. ನನ್ನ ಬಾಯಿಂದ "ತಮ್ಮನಿಗೆ" ಎಂದು ಬಂತು. ನನಗೆ ತಮ್ಮನೇ ಇಲ್ಲ ಎಂದು ನಿಮಗೆ ಗೊತ್ತು, ನಾವು ನಾಲ್ವರೂ ಹೆಣ್ಣುಮಕ್ಕಳು.

ಕಾಕ ಕಡ್ಡಿಯನ್ನು ತಿರುಗಿಸಿ ನೋಡಿದರು. "ಕೂತು ಅಳೆದದ್ದಾ, ನಿಂತು ಅಳೆದದ್ದಾ?"

"ಕೂತು."

"ಹಾಗೆ ಆಗ್ಲಿಕ್ಕಿಲ್ಲ ಅಕ್ಕ. ನಿಂತರೆ ಪಾದ ಉದ್ದ ಆಗ್ತದೆ. ಇಳಿಯುವಾಗ ಬೆರಳು ಮುಂದೆ ನುಗ್ತದೆ. ಶೂ ಬಿಗಿ ಆದ್ರೆ ಹೆಬ್ಬೆರಳಿನ ಉಗುರು ಕಪ್ಪಾಗಿ ಉದುರಿ ಹೋಗ್ತದೆ. ಚಪ್ಪಲಿಗೆ ಕಡ್ಡಿ ಸಾಕು, ಗುಡ್ಡೆಗೆ ಕಾಲೇ ಬರ್ಬೇಕು. ತಮ್ಮನನ್ನು ಕಳಿಸಿ."

ತಮ್ಮನನ್ನು ಎಲ್ಲಿಂದ ಕಳಿಸುವುದು? ಬಂದ ದಾರಿಯಲ್ಲೇ ಹಿಂದೆ ಹೋದೆ. ನಾಲ್ಕು ದಿನ ಬಿಟ್ಟು ಮತ್ತೆ ಬಂದೆ, ಈ ಸಲ ನಿಂತು ಅಳೆದು, ಎರಡು ಕಡ್ಡಿ ಹಿಡಿದುಕೊಂಡು. ಒಂದು ಉದ್ದಕ್ಕೆ, ಒಂದು ಅಗಲಕ್ಕೆ.

ಕಾಕ ಕನ್ನಡಕ ಏರಿಸಿ ಎರಡನ್ನೂ ನೋಡಿದರು. "ಅಗಲಕ್ಕೆ ಬೇರೆ ಕಡ್ಡಿಯಾ! ಇಷ್ಟು ವರ್ಷದಲ್ಲಿ ಇದನ್ನು ಮಾತ್ರ ನಾನು ನೋಡಿಲ್ಲ ಮಾರಾಯ್ರೆ." ಅಲ್ಲಿ ಕೂತಿದ್ದ ಒಬ್ಬರು, "ತಮ್ಮನಿಗೆ ನಡ್ಕೊಂಡು ಬರ್ಲಿಕ್ಕೆ ಚಪ್ಪಲಿ ಇಲ್ಲವೋ ಏನೋ ಕಾಕ" ಎಂದು ನಗಾಡಿದರು. ನಾನು ನೆಲ ನೋಡಿದೆ. ಕಾಕನೂ ಆಗ ನೆಲ ನೋಡಿರಬೇಕು. ನನ್ನ ಪಾದ ಅಲ್ಲೇ ಇತ್ತಲ್ಲ, ಗದ್ದೆಯಲ್ಲಿ ನಡೆದು ಬೆರಳು ಅಗಲವಾದ ಪಾದ. ಅವರ ನಗು ನಿಂತಿತು. ಆದರೆ ಮುಖ ಬದಲಾಗಲಿಲ್ಲ.

"ಒಂದು ಕೆಲಸ ಮಾಡುವ" ಎಂದರು, ಎಲ್ಲರಿಗೂ ಕೇಳುವ ಹಾಗೆ. "ಒಡಹುಟ್ಟಿದವರ ಕಾಲು ಒಂದೇ ಅಚ್ಚಿನಲ್ಲಿ ಇರ್ತದೆ. ತಮ್ಮನ ಬದಲಿಗೆ ನೀವೇ ಒಮ್ಮೆ ಹಾಕಿ ನೋಡಿ. ಒಳಗೆ ನಮ್ಮ ಮನೆಯವರು ಇದ್ದಾರೆ."

ಗೋದಾಮಿನಲ್ಲಿ ಅವರ ಹೆಂಡತಿ ಪೆಟ್ಟಿಗೆಗಳನ್ನು ಸರಿಸಿ ನನಗೆ ಸ್ಟೂಲು ಕೊಟ್ಟರು. ಅರಣ್ಯದ ಗಾರ್ಡುಗಳು ಹಾಕುವಂಥ ಹಸಿರು ಕ್ಯಾನ್ವಾಸಿನ ಶೂ, ಹಿಮ್ಮಡಿಯಿಂದ ನಾಲ್ಕು ಬೆರಳು ಮೇಲಕ್ಕೆ ಬರುವಂಥದ್ದು. ಲೇಸು ಕಟ್ಟಲು ನನಗೆ ಗೊತ್ತಿರಲಿಲ್ಲ. ಅವರು ನೆಲದ ಮೇಲೆ ಕೂತು ಕಟ್ಟಿ ತೋರಿಸಿದರು. ಅಲ್ಲಿ ಒಂದು ಹಲಗೆಯನ್ನು ಮೆಟ್ಟಿಲಿಗೆ ಓರೆಯಾಗಿ ಇಟ್ಟಿದ್ದರು. ಕಾಡಿನ ಕೆಲಸದವರು, ರಬ್ಬರ್ ಟ್ಯಾಪಿಂಗಿನವರು ಯಾರು ಶೂ ಕೊಂಡರೂ ಕಾಕ ಅವರನ್ನು ಅದರ ಮೇಲಿಂದ ಇಳಿಸಿಯೇ ಕಳಿಸುವುದಂತೆ. ಬಾಗಿಲಿನ ಆಚೆಯಿಂದ ಕಾಕನ ಸ್ವರ ಬಂತು, "ಇಳಿಯುವಾಗ ಬೆರಳು ಮುಂದೆ ತಾಗ್ತದಾ?" ಸ್ವಲ್ಪ ತಾಗುತ್ತದೆ, ಅಂದೆ. ಬಾಗಿಲ ಸಂದಿಯಿಂದ ಇನ್ನೊಂದು ಪೆಟ್ಟಿಗೆ ಒಳಗೆ ಬಂತು. ಮೂರನೆಯ ಜೊತೆ ಸರಿಯಾಯಿತು. ಹಲಗೆಯ ಮೇಲೆ ಎರಡು ಸಲ ಸುಮ್ಮನೇ ಹತ್ತಿ ಇಳಿದೆ. ಅವರ ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕರು, ನನಗೂ ನಗು ಬಂತು.

ಹೊರಡುವಾಗ ಕಾಕ ತಮ್ಮನಿಗೆಂದು ಎಷ್ಟೋ ಬುದ್ಧಿ ಹೇಳಿ ಕಳಿಸಿದರು. ಹತ್ತಿಯ ಕಾಲುಚೀಲ ಎರಡು ಜೊತೆ ಇರಲಿ, ಒಂದು ಒದ್ದೆಯಾದರೆ ಇನ್ನೊಂದು. ಕೈಯಲ್ಲಿ ಸಾಮಾನು ಹಿಡಿಯುವುದು ಬೇಡ, ಮಗಳ ಶಾಲೆಯ ಬ್ಯಾಗು ಬೆನ್ನಿಗೆ ಹಾಕಲಿ. ಟಾರ್ಚಿನ ಬ್ಯಾಟರಿಯನ್ನು ತಿರುಗಿಸಿ ಹಾಕಿ ಇಡಲಿ, ಚೀಲದೊಳಗೆ ತಾನೇ ಹೊತ್ತಿ ಮುಗಿದು ಹೋಗುವುದು ಬೇಡ. ಮಗಳಿದ್ದದ್ದು ನನಗಲ್ಲವಾ, ಮಗಳ ಬ್ಯಾಗು ಎನ್ನುವಾಗ ಅವರ ಮಾತು ಒಂದು ಕ್ಷಣ ತಡೆಯಿತು, ನಾನೂ ಕೇಳಿಸದ ಹಾಗೆ ಇದ್ದೆ. ಕೊನೆಗೆ ಹೇಳಿದ್ದು ಮಾತ್ರ ನನ್ನನ್ನು ಕಷ್ಟಕ್ಕೆ ಹಾಕಿತು. "ಹೊಸ ಶೂ ಹಾಕಿ ಸೀದಾ ಗುಡ್ಡೆಗೆ ಹೋಗ್ಬಾರ್ದು. ಒಂದು ವಾರ ಮನೆಯಲ್ಲಿ ಹಾಕಿ ನಡೀಬೇಕು. ಇಲ್ಲದಿದ್ರೆ ಅರ್ಧ ದಾರಿಯಲ್ಲಿ ಕಾಲಿಗೆ ಬೊಕ್ಕೆ ಬಂದು ಕೂತುಕೊಳ್ಬೇಕಾಗ್ತದೆ."

ಮನೆಯಲ್ಲಿ ಎಲ್ಲಿ ನಡೆಯುವುದು? ಅಂಗಳದಲ್ಲಿ ಅತ್ತೆ ಅಡಿಕೆ ಸುಲಿಯುತ್ತಾ ಕೂತಿರುತ್ತಾರೆ. ಯೋಚಿಸಿ ಯೋಚಿಸಿ ದನದ ಹಟ್ಟಿಯೇ ಸರಿ ಎಂದುಕೊಂಡೆ. ಬೆಳಗ್ಗೆ ಸಂಜೆ ಹಾಲು ಕರೆಯುವ ಹೊತ್ತಿಗೆ ಶೂ ಹಾಕಿಕೊಂಡು ಹಟ್ಟಿಯೊಳಗೆ ಆಚೆ ಈಚೆ ನಡೆದೆ. ನಮ್ಮ ದನ ಕೆಂಪಿಗೆ ನನ್ನ ಬರಿಗಾಲಿನ ಸದ್ದು ಅಭ್ಯಾಸ. ರಬ್ಬರಿನ ಹೊಸ ಸದ್ದಿಗೆ ಅದು ಬೆದರಿ ಸರಿಯಾಗಿ ಸೊರ ಬಿಡಲಿಲ್ಲ, ಹಾಲನ್ನು ಕೆಚ್ಚಲಿನಲ್ಲೇ ಹಿಡಿದಿಟ್ಟಿತು. ಮೂರು ದಿನ ಹಾಲು ಅರ್ಧಕ್ಕೆ ಇಳಿಯಿತು. ದನಕ್ಕೆ ದೃಷ್ಟಿ ಆಗಿದೆ ಎಂದು ಅತ್ತೆ ಮೆಣಸು ಉಪ್ಪು ಹಿಡಿದುಕೊಂಡು ಹಟ್ಟಿಗೆ ಬಂದರು. ನಾನು ಹಸಿರು ಶೂ ಹಾಕಿಕೊಂಡು ಹುಲ್ಲು ಹಾಕುವ ಬೈಪಣೆಯ ಹತ್ತಿರ ನಿಂತಿದ್ದೆ.

ಅತ್ತೆ ನನ್ನ ಕಾಲು ನೋಡಿದರು, ದನವನ್ನು ನೋಡಿದರು. "ಪರ್ವತಕ್ಕಾ?" ಎಂದು ಕೇಳಿದರು. ಹೌದು, ಅಂದೆ. ಇನ್ನು ಮುಗಿಯಿತು ಎಂದು ಬಗ್ಗಿ ಲೇಸಿಗೆ ಕೈ ಹಾಕಿದೆ.

"ಬಿಚ್ಚುದು ಎಂತಕ್ಕೆ? ದನವನ್ನು ಹೆದರಿಸ್ಬೇಡ. ಅಂಗಳದಲ್ಲಿ ನಡಿ" ಎಂದು ಹೇಳಿ ಮೆಣಸು ಉಪ್ಪನ್ನು ಮುಷ್ಟಿಯಲ್ಲಿ ಹಾಗೇ ಹಿಡಿದುಕೊಂಡು ಹೋದರು.

ಉಳಿದ ನಾಲ್ಕು ದಿನ ಅಂಗಳದಲ್ಲಿ ನಡೆದೆ. ಅತ್ತೆ ಅಡಿಕೆ ಸುಲಿಯುತ್ತಾ ನೋಡುತ್ತಿದ್ದರು. ಒಮ್ಮೆ ಮಾತ್ರ, "ಕಾಲು ಎತ್ತಿ ಇಡು, ಎಳಿಬೇಡ" ಎಂದರು. ಹೊರಡುವ ದಿನ ಅವರೇ ಪೆಟ್ಟಿಗೆಯಿಂದ ಅಜ್ಜನ ಪೂರ್ತಿ ತೋಳಿನ ಅಂಗಿಯೊಂದನ್ನು ತೆಗೆದು ಕೊಟ್ಟರು, ಮುಳ್ಳು ಗೀರದ ಹಾಗೆ ಸೀರೆಯ ಮೇಲೆ ಹಾಕಿಕೊಳ್ಳಲಿಕ್ಕೆ.

ಪರ್ವತದ ವಿಷಯ ಹೆಚ್ಚು ಬರೆಯುವುದಿಲ್ಲ. ಹನ್ನೊಂದು ಜನ ಹೊರಟು ಆರು ಜನ ತುದಿ ಮುಟ್ಟಿದೆವು. ಹುಲ್ಲಿನ ಬೋಳು ಏರಿನಲ್ಲಿ ಬಿಸಿಲು ತಲೆಯನ್ನು ಸೀಳುತ್ತಿತ್ತು. ಶಾರದಕ್ಕ ಎರಡು ಸಲ ಕೂತು ಗಂಡಸರನ್ನೆಲ್ಲ ಹೊಗಳಿದಳು. ತುದಿಯಲ್ಲಿ ಗಾಳಿ ಅಜ್ಜನ ಅಂಗಿಯೊಳಗೆ ನುಗ್ಗಿ ಅದನ್ನು ಉಬ್ಬಿಸಿತು. ನಾನು ಪಶ್ಚಿಮಕ್ಕೆ ನೋಡಿದೆ, ನಮ್ಮ ಗೇರುಗುಡ್ಡೆ ಯಾವುದೆಂದು ಗೊತ್ತಾಗಲಿಲ್ಲ. ಅಷ್ಟು ಸಣ್ಣದು. ಇಳಿಯುವಾಗ ಬೆರಳು ಒಮ್ಮೆಯೂ ಮುಂದೆ ತಾಗಲಿಲ್ಲ.

ಮುಂದಿನ ತಿಂಗಳು ನಿಮ್ಮ ಅಮ್ಮನಿಗೆ ಶಾಲೆಯ ಚಪ್ಪಲಿಗೆಂದು ಹೋದಾಗ ಕಾಕ ಕೇಳಿದರು, "ತಮ್ಮ ಹತ್ತಿದ್ರಾ?" ಹತ್ತಿದ, ಅಂದೆ. "ಉಗುರು?" ಹತ್ತೂ ಉಂಟು, ಅಂದೆ. ಅವರು ನಕ್ಕ ನಗು ಓಣಿಗೆಲ್ಲ ಕೇಳಿರಬೇಕು. ಆ ದಿನವೇ ನಿಜ ಹೇಳಬೇಕೆಂದು ಹೋಗಿದ್ದೆ. ಮನೆಯಲ್ಲಿ ಗೊತ್ತಾಗಿತ್ತು, ಊರಿಗೆ ಗೊತ್ತಾಗಿತ್ತು, ಇನ್ನು ಅಡಗಿಸಲು ಏನೂ ಇರಲಿಲ್ಲ. ಆದರೂ ಆ ಕೌಂಟರಿನ ಮುಂದೆ ನಿಂತರೆ ನಾಲಗೆ ಏಳುತ್ತಿರಲಿಲ್ಲ. ಅವರು ನನ್ನ ಸುಳ್ಳನ್ನು ಅಷ್ಟು ಜೋಪಾನವಾಗಿ ನಡೆಸಿಕೊಟ್ಟಿದ್ದರು. ಅದನ್ನು ಅವರ ಮುಂದೆಯೇ ಬಿಚ್ಚುವುದು ಹೇಗೆ? ಹದಿನೆಂಟು ವರ್ಷ ಹಾಗೇ ನಡೆಯಿತು. ಪ್ರತಿ ಸಲವೂ ತಮ್ಮನ ಕ್ಷೇಮ ವಿಚಾರಿಸುತ್ತಿದ್ದರು. ಒಂದು ಬೇಸಿಗೆ "ಈ ವರ್ಷ ಎಲ್ಲಿಗೆ ಹೋಗುದಂತೆ?" ಎಂದು ಕೇಳಿದರು. ಈಗ ಅವನಿಗೆ ಮಂಡಿ ನೋವು, ಅಂದೆ. ನೋವಿದ್ದದ್ದು ನನಗೆ. ಮರುದಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಸೀಸೆ ಎಣ್ಣೆ ಕಳಿಸಿದ್ದರು.

ಏಳು ವರ್ಷದ ಹಿಂದಿನ ಮಳೆಗಾಲದಲ್ಲಿ ಕಾಕ ಹೋದರು. ನನಗೆ ಗೊತ್ತಾಗುವಾಗ ತಿಂಗಳು ಕಳೆದಿತ್ತು. ಗಂಡ ಹೋದ ಮೇಲೆ ಅವರಲ್ಲಿ ನಾಲ್ಕು ತಿಂಗಳು ಹತ್ತು ದಿನ ಹೆಂಗಸರು ಮನೆಯೊಳಗೇ ಇರುತ್ತಾರೆ. ನಾನು ಹೋದೆ. ಸೊಸೆಯಂದಿರು ಸುತ್ತ ಕೂತಿದ್ದರು. ಕಾಕನ ಹೆಂಡತಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಅವರು, "ನಿಮ್ಮ ತಮ್ಮ ಹೇಗಿದ್ದಾರೆ ಅಕ್ಕ?" ಎಂದರು.

"ನನಗೆ ತಮ್ಮ ಇಲ್ಲ. ಆ ಶೂ ನನಗೇ ಕೊಂಡದ್ದು. ಹತ್ತಿದ್ದು ನಾನೇ" ಅಂದೆ. ಅಷ್ಟು ಜನರ ಮುಂದೆ ಹೇಗೆ ಹೇಳಿದೆನೋ.

"ಗೊತ್ತುಂಟು" ಎಂದರು ಅವರು. "ಅಕ್ಕ ಹೇಳುವ ತನಕ ನಾವು ಹೇಳ್ಬಾರ್ದು ಅಂತ ಅವರು ನನಗೆ ಕಟ್ಟು ಮಾಡಿದ್ರು."

ಈಗ ಆ ಅಂಗಡಿಯ ಜಾಗದಲ್ಲಿ ಮೊಬೈಲು ರಿಪೇರಿಯವರು ಇದ್ದಾರೆ. ನಿಮ್ಮ ಶೂ ಪಾರ್ಸೆಲಿನಲ್ಲಿ ಬಂದಿದೆ, ಚೆನ್ನಾಗಿಯೇ ಉಂಟು. ನೀವು ಹೊರಡುವುದನ್ನು ನೋಡಲು ನನಗೆ ಸಂತೋಷವೇ. ಕಾಕ ಇದ್ದಿದ್ದರೆ ಈ ಸಲ ನಿಮ್ಮಿಬ್ಬರನ್ನೂ ಅವರ ಮುಂದೆ ನಿಲ್ಲಿಸಿ, ಇವರು ನನ್ನ ಮೊಮ್ಮಕ್ಕಳು, ನನ್ನ ಹಾಗೆಯೇ ಗುಡ್ಡೆಯ ಹುಚ್ಚು, ಎಂದು ಹೇಳುತ್ತಿದ್ದೆ ಎಂದು ಅನ್ನಿಸುತ್ತದೆ. ಹೇಳುತ್ತಿದ್ದೆನೋ, ಅಥವಾ ಮತ್ತೆ ತಮ್ಮನ ಮಕ್ಕಳು ಅನ್ನುತ್ತಿದ್ದೆನೋ... ಎರಡರಲ್ಲಿ ಯಾವುದಕ್ಕೂ ನಗಲು ಈಗ ಅವರಿಲ್ಲ.