ಹಸಿರು ಸಾಲನ್ನು ನಂಬದ ಅತ್ತೆ

ಕೆಲಸಕ್ಕೆ ಸೇರಿದ ಎರಡನೇ ವಾರವೇ ನಾನೊಂದು ಘನಕಾರ್ಯ ಮಾಡಿದೆ. ನಮ್ಮದು ಆಸ್ಪತ್ರೆಯ ಡ್ರಿಪ್ ಪಂಪಿಗೆ ಸಾಫ್ಟ್‌ವೇರ್ ಬರೆಯುವ ಕಂಪನಿ. ಪರೀಕ್ಷೆಗಳು ಮುಗಿದ ಮೇಲೆ ಪರದೆಯಲ್ಲಿ ಕೋಡಿನ ಕೆಲವು ಸಾಲು ಹಸಿರಾಗಿ, ಕೆಲವು ಕೆಂಪಾಗಿ ಕಾಣುತ್ತವೆ. ಕೆಂಪೆಂದರೆ ತಪ್ಪು ಎಂದು ಶಾಲೆಯಲ್ಲೇ ಬೇಕಾದಷ್ಟು ಕಲಿತವನು ನಾನು. ಹನ್ನೊಂದು ಕೆಂಪು ಸಾಲುಗಳನ್ನೂ ಅಳಿಸಿ, ನೂರಕ್ಕೆ ನೂರು ಹಸಿರು ಮಾಡಿ, ಶಭಾಶ್‌ಗಿರಿಗೆ ಕಾದು ಕುಳಿತೆ.

ಬಂದದ್ದು ಅತ್ತೆ. ಪರೀಕ್ಷಾ ವಿಭಾಗದ ಈ ಐವತ್ತೆರಡರ ಹೆಂಗಸನ್ನು ಇಡೀ ಆಫೀಸು ಹಾಗೇ ಕರೆಯುತ್ತದೆ. ಯಾರು ಏನು ಮಾಡಿಟ್ಟರೂ ಅದರಲ್ಲೊಂದು ಹುಳುಕು ಅವರಿಗೆ ಸಿಕ್ಕೇ ಸಿಗುತ್ತದೆ. ಮೊದಲು ಬಟ್ಟೆ ಗಿರಣಿಯಲ್ಲಿ ಥಾನುಗಳನ್ನು ದೀಪದ ಮೇಲೆ ಹಾಯಿಸಿ ತೂತು ಹುಡುಕುತ್ತಿದ್ದರಂತೆ. ಈಗಲೂ ಪರದೆಗೆ ಬೆರಳಿಟ್ಟೇ ಓದುತ್ತಾರೆ.

"ಅಳಿಯಂದ್ರೇ, ಕೆಂಪು ಅಂದ್ರೆ ತಪ್ಪಲ್ಲ. ಪರೀಕ್ಷೆ ಆ ಸಾಲಿನ ತನಕ ಹೋಗೇ ಇಲ್ಲ ಅಂತ. ನೀವು ಅಳಿಸಿದ್ದು ಯಾವ್ದು ಗೊತ್ತಾ? ನಳಿಗೇಲಿ ಗಾಳಿ ಗುಳ್ಳೆ ಬಂದ್ರೆ ಪಂಪ್ ನಿಲ್ಸೋದು."

ಗುಳ್ಳೆ ರೋಗಿಯ ರಕ್ತ ಸೇರಿದರೆ ಜೀವಕ್ಕೇ ಕುತ್ತೆಂದು ನನಗೂ ಗೊತ್ತಿತ್ತು.

ಸಾಲುಗಳನ್ನು ವಾಪಸ್ ತಂದು, ಗುಳ್ಳೆ ಬಂದಂತೆ ನಟಿಸುವ ಪರೀಕ್ಷೆಯೊಂದನ್ನು ಬರೆದೆ. ಹನ್ನೊಂದೂ ಹಸಿರು! ಅತ್ತೆ ನನ್ನ ಕೀಬೋರ್ಡ್ ಎಳೆದುಕೊಂಡು, ಪಂಪಿಗೆ 'ನಿಲ್ಲು' ಎಂದಿದ್ದ ಕಡೆ 'ಓಡು' ಎಂದು ತಿದ್ದಿ ಪರೀಕ್ಷೆ ನಡೆಸಿದರು. ಆಗಲೂ ಪಾಸು.

"ಸಾಲೇನೋ ಓಡ್ತು. ಪಂಪ್ ನಿಂತಿತಾ ಅಂತ ನಿಮ್ಮ ಪರೀಕ್ಷೆ ಕೇಳ್ತಾ?"

ಕೇಳಿರಲಿಲ್ಲ.

ಅಂದಿನಿಂದ ನಾಲ್ಕು ದಿನ ಅವರ ಪಕ್ಕ ಬಾಯಿ ಬಿಟ್ಟುಕೊಂಡು ಕುಳಿತೆ. ರೋಗಿಯನ್ನು ಕಾಯುವ ಭಾಗದ ಮುನ್ನೂರು ಸಾಲುಗಳನ್ನು ಒಂದೊಂದಾಗಿ ಬೇಕೆಂದೇ ಕೆಡಿಸುವುದು, ಪರೀಕ್ಷೆ ಕಿರುಚಿಕೊಂಡಿತೇ ನೋಡುವುದು, ಮತ್ತೆ ಸರಿ ಮಾಡುವುದು. ಕಿರುಚದಿದ್ದರೆ ಪರೀಕ್ಷೆಯನ್ನೇ ಹೊಸದಾಗಿ ಬರೆಸುವುದು, ಅದೂ ನನ್ನ ಕೈಯಲ್ಲಿ. ಮೂರನೇ ದಿನ, ವರ್ಷಗಳಿಂದ ಹಸಿರಾಗಿಯೇ ಇದ್ದ ಒಂದು ಸಾಲನ್ನು ಕೆಡಿಸಿದರು. ಒಂದು ಪರೀಕ್ಷೆಯೂ ಮಿಸುಕಲಿಲ್ಲ. ಅದು ಬ್ಯಾಟರಿ ಮುಗಿಯುವಾಗ ಅಲಾರಾಂ ಕೂಗಿಸಬೇಕಾದ ಸಾಲು! ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅತ್ತೆ ಮಾತ್ರ ಆರಿದ ಟೀ ಗುಟುಕರಿಸಿ ಮುಂದಿನ ಸಾಲಿಗೆ ಬೆರಳು ಸರಿಸಿದರು.

ಪಂಪುಗಳು ಶುಕ್ರವಾರ ಆಸ್ಪತ್ರೆಗೆ ಹೊರಡಬೇಕಿತ್ತು. ನಲವತ್ತು ಸಾಲು ಬಾಕಿಯಿದ್ದುದರಿಂದ ಅತ್ತೆ ಒಪ್ಪಿಗೆಯ ಸಹಿ ಹಾಕಿರಲಿಲ್ಲ. ಅಂದು ಬೆಳಿಗ್ಗೆ ಮ್ಯಾನೇಜರ್ ಬಂದು ಎಲ್ಲರಿಗೂ ಕೇಳುವಂತೆ ಅಂದರು:

"ಇಷ್ಟು ವರ್ಷ ಜೊತೇಲಿ ಕೆಲಸ ಮಾಡಿದ್ದೀವಿ. ನಮ್ಮ ಮೇಲೆ ನಿಮಗೆ ನಂಬಿಕೇನೇ ಇಲ್ವಾ?"

ಅತ್ತೆ ಬೆರಳನ್ನು ಸಾಲಿನಿಂದ ತೆಗೆಯಲೇ ಇಲ್ಲ.

"ಇಲ್ಲ. ನನ್ನ ಮೇಲೇ ಇಲ್ಲ, ನಿಮ್ಮ ಮೇಲೆ ಎಲ್ಲಿಂದ ತರ್ಲಿ? ಸೋಮವಾರ ಬನ್ನಿ."