ಜತ್ತನ್ನರ ಹೆಸರಿನ ಎಂಟು ಪಾಠಗಳು

ಅರಬ್ಬರ ನಾಡಿನ ಖಮೀಸ್ ಮುಶೈತಿನಲ್ಲಿದ್ದ ಮೊದಲ ಮೂರು ವರ್ಷಗಳಲ್ಲಿ ಮನೋರಮಾ ಜತ್ತನ್ನ ನೂರ ಮೂವತ್ತಕ್ಕೂ ಹೆಚ್ಚು ಹುಟ್ಟುಹಬ್ಬದ ಕೇಕು ಮಾಡಿದಳು. ಅವಳಿಗೆ ಮಕ್ಕಳಿರಲಿಲ್ಲ.

ಕೇಕುಗಳೆಲ್ಲ ಶುಕ್ರವಾರದವು. ಆ ದೇಶದಲ್ಲಿ ಇಗರ್ಜಿ ಕಟ್ಟುವಂತಿಲ್ಲ, ನಾಲ್ಕು ಜನ ಸೇರಿ ಕ್ರಿಸ್ತನ ಹೆಸರು ಹೇಳುವಂತಿಲ್ಲ. ಹಾಗಾಗಿ ಬಿಷಪರ ಸಭೆಗೆ ಸೇರಿದ ಮೂವತ್ತು ಮಂದಿ ಶುಕ್ರವಾರ ಬೆಳಿಗ್ಗೆ ಸಭೆಯ ಹಿರಿಯರಾದ ಕುರುವಿಳ ಅವರ ಕಂಪೆನಿ ವಿಲ್ಲಾದಲ್ಲಿ ಪರದೆ ಎಳೆದು ಕೂರುತ್ತಿದ್ದರು. ಯಾರಾದರೂ ಬಾಗಿಲು ಬಡಿದರೆ ಹೇಳಲಿಕ್ಕೆ ಒಂದು ಕಾರಣ ಬೇಕಲ್ಲ. ಮೇಜಿನ ಮೇಲೆ ಕೇಕು, ಕೇಕಿನ ಮೇಲೆ ಮೋಂಬತ್ತಿ, ಯಾವುದಾದರೊಂದು ಮಗುವಿಗೆ ಹೊಸ ಫ್ರಾಕು. ಕುರುವಿಳ ಅವರ ಚಿಕ್ಕ ಮಗಳಿಗೆ ಸಾವಿರದ ಒಂಬೈನೂರ ಎಂಬತ್ತನಾಲ್ಕನೇ ಇಸವಿಯೊಂದರಲ್ಲೇ ಹನ್ನೊಂದು ಸಲ ಏಳು ತುಂಬಿತು.

ಈ ಉಪಾಯ ಹೊಳೆದದ್ದು ಗಂಡಸರಿಗೆ. ಒಲೆಯ ಮುಂದೆ ನಿಂತದ್ದು ಹೆಂಗಸರು. ಅದರಲ್ಲೂ ಮನೋರಮಾ, ಯಾಕೆಂದರೆ ಅವಳ ಕೇಕು ಚೆನ್ನಾಗಿ ಉಬ್ಬುತ್ತಿತ್ತು. ಚೆನ್ನಾಗಿ ಮಾಡುವವಳಿಗೆ ಕೆಲಸ ತಪ್ಪುವುದಿಲ್ಲ. ಕೇಕಿನ ಜೊತೆಗೆ ಆರಾಧನೆಯಲ್ಲಿ ಹಂಚುವ ಕರ್ತನ ಭೋಜನದ ರೊಟ್ಟಿಯೂ ಬಂತು. ದ್ರಾಕ್ಷಾರಸ ಸಿಗದ ಊರಲ್ಲಿ ಒಣದ್ರಾಕ್ಷಿ ನೆನೆಸಿ, ಕುದಿಸಿ, ಬಟ್ಟೆಯಲ್ಲಿ ಸೋಸಿ ರಸ ತೆಗೆಯುವುದೂ ಬಂತು. ಮೇಜಿನ ಬಿಳಿ ಬಟ್ಟೆಯ ಇಸ್ತ್ರಿ ಬಂತು. ಆರಾಧನೆ ಮುಗಿದ ಮೇಲೆ ಮೂವತ್ತು ಕಪ್ಪು, ಮೂವತ್ತು ತಟ್ಟೆ ಬಂತು. ಗುರುವಾರ ಮಧ್ಯಾಹ್ನ ಆಸ್ಪತ್ರೆಯ ಹೆರಿಗೆ ವಾರ್ಡಿನಿಂದ ಎಂಟು ತಾಸಿನ ಪಾಳಿ ಮುಗಿಸಿ ಬಂದು, ಕಾಲಿನ ಊತ ಇಳಿಯುವ ಮೊದಲೇ ಅವಳು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಗಂಡಸರು ಕುರ್ಚಿ ಜೋಡಿಸುತ್ತಿದ್ದರು. ಜೋಡಿಸಿ, ಈ ದೇಶದಲ್ಲಿ ಸಭೆ ನಡೆಸುವ ಭಾರದ ಬಗ್ಗೆ ಮಾತಾಡುತ್ತಿದ್ದರು.

ಮನೋರಮಾ ಉಡುಪಿಯ ಮಿಷನ್ ಕಂಪೌಂಡಿನಲ್ಲಿ ಹುಟ್ಟಿದವಳು. ಅಪ್ಪ ಉಪದೇಶಿ. ಸಂಜೆ ಜಗಲಿಯಲ್ಲಿ ಕೂತು ಭಾನುವಾರ ಇಗರ್ಜಿಯಲ್ಲಿ ಮಾಡುವ ಪ್ರಸಂಗವನ್ನು ಗಟ್ಟಿಯಾಗಿ ಓದಿ ತಿದ್ದುವುದು ಅವರ ಅಭ್ಯಾಸ. ಎಲ್ಲಿ ಎಳೆತವಾಯಿತು, ಎಲ್ಲಿ ಸುಳ್ಳಾಯಿತು ಎಂದು ಹೇಳುತ್ತಿದ್ದವಳು ಹನ್ನೆರಡು ವರ್ಷದ ಮನೋರಮಾ. ಅಪ್ಪ ತಲೆದೂಗುತ್ತಿದ್ದರು, ತಿದ್ದಿಕೊಳ್ಳುತ್ತಿದ್ದರು. ಆಮೇಲೆ ಪಾದ್ರಿಯಾಗಲಿ ಎಂದು ದೇವಜ್ಞಾನ ಕಲಿಯಲು ಕಳುಹಿಸಿದ್ದು ಅಣ್ಣನನ್ನು. ಅಣ್ಣ ಎರಡು ವರ್ಷಕ್ಕೆ ಬಿಟ್ಟುಬಂದು ಬ್ಯಾಂಕ್ ಸೇರಿದ. ಮನೋರಮಾ ನರ್ಸಿಂಗಿಗೆ ಹೋದಳು. ಅದೂ ಸೇವೆಯೇ ಮಗಳೇ, ಎಂದರು ಅಪ್ಪ. ಆ ಮಾತನ್ನು ಅವಳು ಇಪ್ಪತ್ತು ವರ್ಷ ನಂಬಲು ನೋಡಿದಳು.

ಗಂಡ ಹೆರಾಲ್ಡ್ ಜತ್ತನ್ನ ಒಂದು ಕಟ್ಟಡ ಕಂಪೆನಿಯಲ್ಲಿ ಸ್ಟೋರ್ ಕೀಪರ್. ಕುಡಿತವಿಲ್ಲ, ಕೈ ಎತ್ತಿದವನಲ್ಲ. ಊರಿನಲ್ಲಿ ಅವನನ್ನು ಒಳ್ಳೆಯ ಗಂಡ ಎನ್ನಲು ಇಷ್ಟು ಸಾಕಿತ್ತು.

ಹೊರದೇಶದಿಂದ ನಾಲ್ಕು ತಿಂಗಳಿಗೊಮ್ಮೆ ಪಾದ್ರಿ ಪ್ರೆಂಟಿಸ್ ಬರುತ್ತಿದ್ದರು. ವೀಸಾದಲ್ಲಿ ಅವರು ಇಂಗ್ಲಿಷ್ ಪಾಠದ ಸಲಹೆಗಾರ. ಎಂಬತ್ತೈದರ ಆರಂಭದಲ್ಲಿ ಬಂದಾಗ ಅವರು ಒಂದು ಕಾಗದ ತಂದರು. ಸಭೆಯಲ್ಲಿ ಯಾರು ಯಾವ ಸೇವೆ ಮಾಡಬಹುದು ಎಂಬ ಪಟ್ಟಿ: ಓದುವುದು, ಕಲಿಸುವುದು, ಪ್ರಾರ್ಥನೆ ನಡೆಸುವುದು, ಹಾಡು, ಆತಿಥ್ಯ. ಕೊನೆಯಲ್ಲಿ ಒಂದು ಹೊಸ ಸಾಲು. ಲೇ ರೀಡರ್ ತರಬೇತಿ, ಎರಡು ಸ್ಥಾನ. ಎಂಟು ಪಾಠ ಬರೆದು ಕಳುಹಿಸಬೇಕು, ಕೊನೆಗೆ ಸಭೆಯ ಮುಂದೆ ಒಂದು ಪ್ರಸಂಗ ಮಾಡಬೇಕು. ತೇರ್ಗಡೆಯಾದವರು ಪಾದ್ರಿ ಇಲ್ಲದ ಶುಕ್ರವಾರ ಆರಾಧನೆ ನಡೆಸಬಹುದು. ಗಂಡಸೇ ಆಗಬೇಕೆಂದು ಎಲ್ಲೂ ಬರೆದಿರಲಿಲ್ಲ. ಮನೋರಮಾ ಆ ಸಾಲನ್ನು ಮೂರು ಸಲ ಓದಿದಳು. ಅಷ್ಟರಲ್ಲಿ ಚಹಾದ ನೀರು ಕುದಿಯಿತೆಂದು ಯಾರೋ ಕರೆದರು.

ಅವಳು ಟ್ರೇ ಹಿಡಿದು ಹಿಂತಿರುಗುವಾಗ ಪಟ್ಟಿ ತುಂಬಿಯಾಗಿತ್ತು. ಮನೋರಮಾ ಜತ್ತನ್ನ: ಆತಿಥ್ಯ. ರೀಡರ್ ತರಬೇತಿಗೆ ಕುರುವಿಳ ಮತ್ತು ಹೆರಾಲ್ಡ್.

ಮನೆಗೆ ಹೋಗುವಾಗ ಕಾರಿನಲ್ಲಿ ಹೆರಾಲ್ಡನನ್ನು ಕೇಳಿದಳು. "ನನ್ನ ಹೆಸರಿನ ಮುಂದೆ ಅದನ್ನು ಬರೆದದ್ದು ಯಾರು?"

"ನಾನೇ. ಎಂತಕ್ಕೆ? ನೀನು ಮಾಡುವುದು ಅದನ್ನೇ ಅಲ್ಲವಾ?"

"ರೀಡರ್ ತರಬೇತಿಗೆ ಹೋಗಬೇಕಂತಿದ್ದೆ."

"ಹೇಳಬೇಕಿತ್ತು ಮಾರಾಯ್ತಿ."

"ಒಳಗೆ ಚಹಾ ಮಾಡುತ್ತಿದ್ದೆ. ನೀವು ಬಂದು ಕೇಳಬಹುದಿತ್ತು."

"ಈಗ ಆಯಿತಲ್ಲ," ಎಂದ ಹೆರಾಲ್ಡ್. "ಇಬ್ಬರಲ್ಲಿ ಒಬ್ಬರು ಕಲಿತರೆ ಮನೆಗೇ ಬಂತು."

ಮೊದಲ ಪಾಠದ ಕಟ್ಟು ಹತ್ತು ದಿನ ಟಿವಿಯ ಮೇಲೆ ಬಿದ್ದಿತ್ತು. ಹೆರಾಲ್ಡ್ ಆಫೀಸಿನಿಂದ ಬಂದು ವಿಡಿಯೋ ಕ್ಯಾಸೆಟ್ ಹಾಕುತ್ತಿದ್ದ. ಹನ್ನೊಂದನೆಯ ದಿನ ಕಟ್ಟನ್ನು ಅವಳ ಮುಂದೆ ಇಟ್ಟ. "ಇದನ್ನು ಸ್ವಲ್ಪ ನೋಡಿ ಹೇಳು ಮನೂ. ನಿನಗೆ ಓದುವ ಅಭ್ಯಾಸ ಉಂಟು." ಅವಳು ನೋಡಿದಳು, ಹೇಳಿದಳು, ಅವನು ಬರೆದುಕೊಂಡ. ಎರಡನೆಯ ಪಾಠಕ್ಕೆ ಅವಳೇ ಬರೆದಳು, ಅವನು ನಕಲು ಮಾಡಿದ. ಮೂರನೆಯದರಿಂದ ನಕಲಿನ ತೊಂದರೆಯೂ ಇಲ್ಲ, ಕೊನೆಯಲ್ಲಿ ಸಹಿ ಮಾತ್ರ. ಎಚ್. ಜತ್ತನ್ನ.

ಅವಳು ಬೇಡವೆನ್ನಲಿಲ್ಲ ಯಾಕೆ? ಯಾಕೆಂದರೆ ಪಾಠಗಳು ಚೆನ್ನಾಗಿದ್ದವು. ಪ್ರವಾದಿಗಳು, ಕೀರ್ತನೆಗಳು, ಪ್ರಾರ್ಥನೆಯ ಕ್ರಮ. ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟು ಅಡುಗೆಮನೆಯ ಮೇಜಿನಲ್ಲಿ ಕೂತರೆ ಎರಡು ತಾಸು ಹೋದದ್ದೇ ತಿಳಿಯುತ್ತಿರಲಿಲ್ಲ. ಹಸಿದವಳ ಮುಂದೆ ಇನ್ನೊಬ್ಬರ ತಟ್ಟೆಯಲ್ಲಿ ಊಟ ಇಟ್ಟ ಹಾಗೆ. ತಿಂದಳು. ತಿಂದದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

ಮೇಲಿನ ಮನೆಯ ನಫೀಸತ್ ಒಂದು ದಿನ ಹಿಟ್ಟು ಕೊಡಲು ಬಂದವಳು ಕಾಗದ ನೋಡಿದಳು. ಅವಳು ಬಂಟ್ವಾಳದ ಕಡೆಯವಳು, ಗಂಡ ಮೂಸಾನದು ರಸ್ತೆ ತಿರುವಿನಲ್ಲಿ ಕಿರಾಣಿ ಅಂಗಡಿ. ವಾರ ವಾರ ಮೈದಾ, ಮೊಟ್ಟೆ, ಒಣದ್ರಾಕ್ಷಿ ಹೋಗುವುದು ಎಲ್ಲಿಗೆ ಎಂದು ಅವಳು ಯಾವತ್ತೂ ಕೇಳಿದವಳಲ್ಲ.

"ನಿಮ್ಮ ಪೈಕಿಯ ಮಕ್ಕಳಿಗೆ ವಯಸ್ಸು ಬೇಗ ಆಗುತ್ತದೆ ಮನೋರಮಕ್ಕ," ಎಂದಷ್ಟೇ ಹೇಳಿ ನಗುತ್ತಿದ್ದಳು. ಈಗ ಕಾಗದದ ಕೆಳಗೆ ಬೆರಳಿಟ್ಟು, "ಇಡೀ ಪುಟ ಬರೆದದ್ದು ನೀವು. ಇಲ್ಲಿ ಇವರ ಹೆಸರು ಎಂತಕ್ಕೆ?" ಎಂದಳು.

"ಅವರ ಪಾಠ ಅದು."

"ಹಾಗಾ." ನಫೀಸತ್ ಹಿಟ್ಟಿನ ಚೀಲ ಮೇಜಿನ ಮೇಲಿಟ್ಟಳು. "ನಮ್ಮ ಅಂಗಡಿಯ ಸಮೋಸಕ್ಕೆ ಮೂಸಾಕನ ಸಮೋಸ ಅಂತ ಹೆಸರು. ಖಮೀಸಿನಲ್ಲೆಲ್ಲ ಹೊಗಳುತ್ತಾರೆ. ಅವರಿಗೆ ಈರುಳ್ಳಿ ಹೆಚ್ಚಲಿಕ್ಕೆ ಬರುವುದಿಲ್ಲ."

ಮನೋರಮಾ ನಗಲು ಹೋದಳು, ನಗು ಬರಲಿಲ್ಲ.

ಏಳನೆಯ ಪಾಠ ಮಾರ್ಥ ಮತ್ತು ಮರಿಯಳದು. ಯೇಸು ಮನೆಗೆ ಬಂದಾಗ ಮರಿಯಳು ಪಾದದ ಬಳಿ ಕೂತು ಮಾತು ಕೇಳಿದಳು, ಮಾರ್ಥಳು ಒಬ್ಬಳೇ ಕೆಲಸ ಮಾಡಿ ದೂರು ಹೇಳಿದಳು, ಮರಿಯಳೇ ಒಳ್ಳೆಯದನ್ನು ಆರಿಸಿಕೊಂಡಳು ಎಂದು ಯೇಸು ಹೇಳಿದ. ಪ್ರಶ್ನೆ: ಈ ಭಾಗವನ್ನು ವಿವರಿಸಿ. ಮನೋರಮಾ ಚಿಕ್ಕಂದಿನಿಂದ ಇದರ ಮೇಲೆ ಇಪ್ಪತ್ತು ಪ್ರಸಂಗ ಕೇಳಿದ್ದಳು. ಇಪ್ಪತ್ತೂ ಮಾರ್ಥಳನ್ನು ಬೈದು, ಹೊಟ್ಟೆ ತುಂಬ ಉಂಡು ಹೋದವರ ಪ್ರಸಂಗಗಳು. ಅವಳು ಒಂದೇ ಉಸಿರಿಗೆ ಬರೆದಳು. ಆ ಸಂಜೆ ಮನೆಗೆ ಬಂದದ್ದು ಯೇಸು ಒಬ್ಬನೇ ಅಲ್ಲ. ಹಿಂದೆ ಹನ್ನೆರಡು ಜನ ಗಟ್ಟಿಮುಟ್ಟಾದ ಗಂಡಸರಿದ್ದರು, ಅರ್ಧದಷ್ಟು ಮೀನುಗಾರರು, ಮೀನು ಸೀಳಿ ಸುಟ್ಟು ಗೊತ್ತಿದ್ದವರು. ಅವರಲ್ಲಿ ಒಬ್ಬನೂ ಎದ್ದು ನೀರು ಸೇದಲಿಲ್ಲವೇ? ಮಾರ್ಥಳೂ ಕೂತು ಕೇಳಲಿ ಎಂದು ಯಾರಿಗೂ ಅನಿಸಲಿಲ್ಲವೇ? ಮರಿಯಳು ಒಳ್ಳೆಯದನ್ನು ಆರಿಸಿಕೊಂಡಳು, ಸರಿ. ಮಾರ್ಥಳಿಗೆ ಆರಿಸಲು ಕೊಟ್ಟವರು ಯಾರು?

ಹೆರಾಲ್ಡ್ ಓದದೆ ಸಹಿ ಹಾಕಿದ. ಎಂಟನೆಯದಕ್ಕೂ ಹಾಕಿದ. ಕಟ್ಟು ಹೋಯಿತು.

ನವೆಂಬರಿನಲ್ಲಿ ಪಾದ್ರಿ ಬಂದರು. ಆರಾಧನೆ ಮುಗಿಯಿತು, ಕರ್ತನ ಭೋಜನ ಮುಗಿಯಿತು, ಮೋಂಬತ್ತಿ ಹಚ್ಚದ ಕೇಕನ್ನು ಕತ್ತರಿಸಿಯಾಯಿತು. ಮನೋರಮಾ ಕೆಟಲು ಹಿಡಿದು ಸಾಲಾಗಿ ಕಪ್ಪಿಗೆ ಚಹಾ ಬಗ್ಗಿಸುತ್ತ ಬರುತ್ತಿದ್ದಳು.

"ಹೊರಡುವ ಮೊದಲು ನಿಮಗೊಂದು ಓದಿ ಹೇಳಬೇಕು," ಎಂದರು ಪಾದ್ರಿ ಪ್ರೆಂಟಿಸ್. "ಇದು ನಮ್ಮ ಹೆರಾಲ್ಡ್ ಬರೆದ ಪಾಠ. ಒಬ್ಬ ಗಂಡಸು ಹೆಣ್ಣಿನ ಮನಸ್ಸಿನೊಳಗೆ ಇಷ್ಟು ಹೊಕ್ಕು ಬರೆದದ್ದನ್ನು ನಾನು ನೋಡಿಲ್ಲ."

ಓದಿದರು. ಹನ್ನೆರಡು ಗಂಡಸರು, ಮೀನು, ನೀರು, ಎಲ್ಲ. ಓದಿ ಮುಗಿಸಿದಾಗ ಹೆಂಗಸರು ಹೆರಾಲ್ಡನ ಕಡೆ ನೋಡುತ್ತಿದ್ದರು. ಕುರುವಿಳ ಅವರ ಹೆಂಡತಿ ಅನ್ನಮ್ಮ ಮನೋರಮಾಳ ಕೈ ಮುಟ್ಟಿ, "ನೀನು ಪುಣ್ಯ ಮಾಡಿದ್ದಿ ಕಣೇ," ಎಂದಳು. ಹೆರಾಲ್ಡ್ ತಲೆ ತಗ್ಗಿಸಿ ಕೂತಿದ್ದ, ವಿನಯದಿಂದ. ಅವನ ಕಪ್ಪು ಖಾಲಿಯಾಗಿತ್ತು. ಅದನ್ನು ಅವಳತ್ತ ಸ್ವಲ್ಪ ಚಾಚಿದ.

ಮನೋರಮಾ ಕೆಟಲನ್ನು ನೆಲದ ಮೇಲಿಟ್ಟಳು.

"ಅದನ್ನು ಬರೆದದ್ದು ನಾನು."

ಹೆರಾಲ್ಡ್ ನಕ್ಕ. "ಸ್ವಲ್ಪ ಸಹಾಯ ಮಾಡಿದ್ದಾಳೆ ಫಾದರ್."

"ಎಂಟೂ ನಾನೇ ಬರೆದದ್ದು. ಮೊದಲಿನ ಎರಡು ಇವರ ಅಕ್ಷರ, ಮಾತು ನನ್ನದು. ಉಳಿದವುಗಳಲ್ಲಿ ಇವರದ್ದು ಸಹಿ ಮಾತ್ರ."

ಪಾದ್ರಿ ಕನ್ನಡಕ ತೆಗೆದು ಹೆರಾಲ್ಡನನ್ನು ನೋಡಿದರು. "ಎಂಟನೆಯ ಪಾಠದ ವಿಷಯ ಏನಿತ್ತು?"

ಹೆರಾಲ್ಡ್ ಕಪ್ಪಿನೊಳಗೆ ನೋಡಿದ.

ಕುರುವಿಳ ಗಂಟಲು ಸರಿಮಾಡಿಕೊಂಡರು. ಅವರ ಕೆಲಸವೇ ಅದು, ಎಲ್ಲವನ್ನೂ ಸರಿಮಾಡುವುದು. "ನೋಡು ಮನೋರಮಾ, ಗಂಡ ಹೆಂಡತಿ ಒಂದೇ ಶರೀರ ಅಂತ ವಾಕ್ಯ ಹೇಳುತ್ತದೆ. ಯಾರು ಬರೆದರೆ ಏನು?"

"ಸರಿ ಕುರುವಿಳ ಸಾರ್. ಒಂದೇ ಶರೀರ. ಹಾಗಾದರೆ ನನ್ನ ಹೆಸರೇ ಇರಲಿ."

ಒಳಗಿನ ಕೋಣೆಯಲ್ಲಿ ಯಾವುದೋ ಮಗು ಕೇಕು ಇನ್ನೂ ಬೇಕೆಂದು ಹಟ ಮಾಡುತ್ತಿತ್ತು.

ಪಾದ್ರಿ ಅವಳನ್ನು ಅಡುಗೆಮನೆಗೆ ಕರೆದರು. ಮೂರು ವರ್ಷದಲ್ಲಿ ಅವರು ಆ ಅಡುಗೆಮನೆಗೆ ಕಾಲಿಟ್ಟದ್ದು ಅದೇ ಮೊದಲು. ತೊಳೆಯದ ತಟ್ಟೆಗಳ ರಾಶಿಯ ಪಕ್ಕ ನಿಂತು ಮೆಲ್ಲನೆ ಹೇಳಿದರು. "ಈಗ ಹೆಸರು ಬದಲಿಸಿದರೆ ವಿಷಯ ಬಿಷಪರ ಕಚೇರಿಗೆ ಹೋಗುತ್ತದೆ. ಹೆರಾಲ್ಡನಿಗೆ ಅವಮಾನ. ಪ್ರಸಂಗ ಅವನೇ ಮಾಡಲಿ, ಸಿದ್ಧತೆಗೆ ನೀನು ಜೊತೆಗಿರು. ಮುಂದಿನ ವರ್ಷ ನಿನ್ನ ಬಗ್ಗೆ ಯೋಚಿಸೋಣ. ಗಂಡನ ಮಾನ ಉಳಿಸುವುದೂ ಒಂದು ಸೇವೆ."

ಮತ್ತೆ ಅದೇ ಮಾತು. ಅಪ್ಪ ಬೇರೆ ರೀತಿಯಲ್ಲಿ ಹೇಳಿದ್ದರು, ಅಷ್ಟೇ.

"ಆ ಸೇವೆ ನನ್ನಿಂದ ಆಗುವುದಿಲ್ಲ ಫಾದರ್. ಅವರ ಹೆಸರು ಹೊಡೆದುಹಾಕಿ. ಕಚೇರಿಗೆ ಇದ್ದದ್ದು ಇದ್ದ ಹಾಗೆ ಬರೆಯಿರಿ. ನೀವು ಬರೆಯದಿದ್ದರೆ ನಾನು ಬರೆಯುತ್ತೇನೆ. ಬರೆಯಲಿಕ್ಕೆ ನನಗೆ ಬರುತ್ತದೆ, ನೀವೇ ಈಗ ಎಲ್ಲರಿಗೂ ಓದಿ ಹೇಳಿದಿರಿ."

ತಟ್ಟೆಗಳನ್ನು ಹಾಗೇ ಬಿಟ್ಟು ಅವಳು ಮೈಮುಚ್ಚುವ ಕಪ್ಪು ಅಬಾಯಾ ಹಾಕಿಕೊಂಡು ಹೊರಗೆ ಹೋಗಿ ಕಾರಿನ ಪಕ್ಕ ನಿಂತಳು. ಆ ದೇಶದಲ್ಲಿ ಅವಳು ಕಾರು ಓಡಿಸುವಂತಿಲ್ಲ. ಕೋಪ ಬಂದರೂ ಗಂಡ ಬಂದು ಬಾಗಿಲು ತೆಗೆಯುವವರೆಗೆ ಕಾಯಬೇಕು. ಕಾದಳು. ಅರ್ಧ ತಾಸಿನ ಮೇಲೆ ಹೆರಾಲ್ಡ್ ಬಂದ.

"ಮನೆಯಲ್ಲಿ ಹೇಳಬಹುದಿತ್ತು. ಮೂವತ್ತು ಜನರ ಮುಂದೆ ನನ್ನ ಮಾನ ತೆಗೆದೆ."

"ಮೂವತ್ತು ಜನರ ಮುಂದೆ ನೀವು ತಲೆ ತಗ್ಗಿಸಿ ಹೊಗಳಿಸಿಕೊಂಡಿರಿ. ಒಂದು ಸಲ ಬಾಯಿ ತೆರೆಯಬಹುದಿತ್ತು."

ಆಮೇಲೆ ಎರಡು ತಿಂಗಳು ಮನೆಯಲ್ಲಿ ಬೇಕಾದಷ್ಟೇ ಮಾತು. ಮನೋರಮಾ ಶುಕ್ರವಾರ ಆರಾಧನೆಗೆ ಹೋದಳು, ಹಾಡಿದಳು, ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬಂದಳು. ಮೊದಲ ವಾರವೇ ಅನ್ನಮ್ಮ ಫೋನು ಮಾಡಿದ್ದಳು.

"ಇನ್ನು ಕೇಕು ಯಾರು ಮಾಡುವುದು?"

"ಯಾವ ಮಗುವಿನ ಹುಟ್ಟುಹಬ್ಬವೋ ಅದರ ಅಪ್ಪ."

ಫೋನಿನಲ್ಲಿ ಅನ್ನಮ್ಮ ನಗುವುದು ಕೇಳಿಸಿತು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕ ಹಾಗೆ. ಆ ಶುಕ್ರವಾರ ಬೇಕರಿಯಿಂದ ತಂದ ಕೇಕಿನ ಮೇಲೆ ಅರಬ್ಬಿಯಲ್ಲಿ ಯಾರದೋ ಮದುವೆಗೆ ಶುಭಾಶಯ ಬರೆದಿತ್ತು. ತಂದವರು ಕುರುವಿಳ.

ಜನವರಿಯಲ್ಲಿ ಬಿಷಪರ ಕಚೇರಿಯಿಂದ, ಪ್ರಯಾಣಿಕರೊಬ್ಬರ ಕೈಯಲ್ಲಿ, ಕಾಗದ ಬಂತು. ಹೆರಾಲ್ಡ್ ಜತ್ತನ್ನರ ಹೆಸರು ರದ್ದಾಗಿದೆ. ಈಗಾಗಲೇ ಬಂದ ಎಂಟು ಪಾಠಗಳನ್ನು ಯಾರ ಹೆಸರಿಗೂ ಲೆಕ್ಕ ಹಿಡಿಯಲಾಗದು. ಶ್ರೀಮತಿ ಜತ್ತನ್ನ ಇಷ್ಟಪಟ್ಟರೆ ತಮ್ಮ ಹೆಸರಿನಲ್ಲಿ ಮೊದಲ ಪಾಠದಿಂದ ಆರಂಭಿಸಬಹುದು. ಗಂಡನ ಒಪ್ಪಿಗೆಯ ಸಹಿ ಅಗತ್ಯ. ಕುರುವಿಳ ಅವರ ಅರ್ಜಿಗೆ ಹೆಂಡತಿಯ ಸಹಿ ಯಾರೂ ಕೇಳಿರಲಿಲ್ಲ ಎಂಬುದು ಮನೋರಮಾಳಿಗೆ ಗೊತ್ತಿತ್ತು. ಅನ್ನಮ್ಮನನ್ನೇ ಕೇಳಿ ತಿಳಿದಿದ್ದಳು.

ಕಾಗದವನ್ನು ಊಟದ ಮೇಜಿನ ಮೇಲೆ, ಹೆರಾಲ್ಡನ ತಟ್ಟೆಯ ಪಕ್ಕ ಇಟ್ಟಳು.

"ಇಲ್ಲಿ ಸಹಿ ಹಾಕಿ."

"ಮೊದಲಿಂದ ಮತ್ತೆ ಬರೆಯುತ್ತೀಯಾ ಎಲ್ಲವನ್ನೂ?"

"ಬರೆಯುತ್ತೇನೆ."

"ಒಂದು ವರ್ಷ ಬೇಕು."

"ಬೇಕು. ಮಧ್ಯಾಹ್ನದ ಪಾತ್ರೆ ಇವತ್ತಿನಿಂದ ನೀವು ತೊಳೆಯಬೇಕು. ಆ ಎರಡು ತಾಸು ನನ್ನದು."

ಅವನು ಅವಳನ್ನು ನೋಡಿದ, ಕಾಗದ ನೋಡಿದ. ಆರು ಸಲ ಓದದೆ ಸಹಿ ಹಾಕಿದವನು ಈ ಸಲ ಕಾಗದವನ್ನು ಮೇಲಿಂದ ಕೆಳಗೆ ಓದಿದ. ಆಮೇಲೆ ಹಾಕಿದ.

ಮನೋರಮಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೊದಲ ಪಾಠದ ಪ್ರಶ್ನೆ ಅವಳಿಗೆ ಬಾಯಿಪಾಠವಾಗಿತ್ತು. ಹಳೆಯ ಉತ್ತರವೂ ನೆನಪಿತ್ತು, ಆದರೆ ಅದನ್ನು ಬರೆಯಲು ಮನಸ್ಸಾಗಲಿಲ್ಲ. ಅದು ಇನ್ನೊಬ್ಬನ ಬಾಯಿಗೆ ಹೊಂದಲಿ ಎಂದು ಅಲ್ಲಲ್ಲಿ ಮೆತ್ತಗೆ ಮಾಡಿದ ಉತ್ತರ. ಪುಟದ ತಲೆಗೆ ತನ್ನ ಹೆಸರು ಬರೆದು ಕೆಳಗೆ ಗೆರೆ ಎಳೆದಳು, ಹೊಸದಾಗಿ ಶುರುಮಾಡಿದಳು.

ಅಡುಗೆಮನೆಯಲ್ಲಿ ತಟ್ಟೆಗೆ ತಟ್ಟೆ ತಾಗಿತು, ನೀರು ಬಿಟ್ಟ ಸದ್ದಾಯಿತು, ನಿಂತಿತು. ಹೆರಾಲ್ಡ್ ಬಾಗಿಲ ಹೊರಗೆ ಬಂದು ನಿಂತ.

"ಮನೂ, ಪಾತ್ರೆ ತೊಳೆಯುವ ಸೋಪು ಎಲ್ಲಿಡುತ್ತೀ?"

ಆ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ಮನೋರಮಾ ತಲೆ ಎತ್ತದೆ ಎರಡನೆಯ ಪುಟ ತಿರುಗಿಸಿದಳು.