ದರೋಡೆಗೆ ಬಂದ ಬೀಗರು

ನಾನು ನಟಿಸಿದ್ದು ಒಂದೇ ಸಿನಿಮಾ, ಅದರ ಕಥೆಯನ್ನೇ ತಿರುಗಿಸಿಬಿಟ್ಟೆ. ಚಳ್ಳಕೆರೆಯ ಮುಚ್ಚಿದ ಎಣ್ಣೆ ಮಿಲ್ಲಿಗೆ ಸುಣ್ಣ ಬಳಿದು, ಬ್ಯಾಂಕಿನ ಬೋರ್ಡು ತೂಗುಹಾಕಿ ದರೋಡೆಯ ದೃಶ್ಯ ತೆಗೆಯುತ್ತಿದ್ದರು. ನಾನು ಬ್ಯಾಂಕಿಗೆ ಬಂದ ಗಿರಾಕಿ. ಕಳ್ಳರು ನುಗ್ಗಿದಾಗ ಕೈ ಎತ್ತಿ ನಡುಗಬೇಕು, ಅಷ್ಟೇ. ನಡುಗುವುದರಲ್ಲಿ ನನ್ನನ್ನು ಮೀರಿಸುವವರು ಜಿಲ್ಲೆಯಲ್ಲೇ ಇಲ್ಲವೆಂದು ಊರಿಗೆಲ್ಲ ಸಾರಿ ಬಂದಿದ್ದೆ.

ಕ್ಯಾಮೆರಾ ಓಡಿತು. ಮುಸುಕು ಹಾಕಿದ ಕಳ್ಳನೊಬ್ಬ ಬಂದೂಕು ಹಿಡಿದು ನನ್ನೆದುರು ಅಬ್ಬರಿಸಿದ. ದನಿ ಕೇಳಿದರೆ ಮೊಳಕಾಲ್ಮೂರಿನ ನಮ್ಮ ಬೀಗರು, ಮಗಳ ಮಾವ! ಬೀಗರನ್ನು ಮಾತಾಡಿಸದೆ ನಿಂತರೆ ನಾಳೆ ಮಗಳು ಆ ಮನೆಯಲ್ಲಿ ಬಾಳಬೇಡವೇ? ಎತ್ತಿದ ಕೈಗಳು ತಾವಾಗಿ ಕೂಡಿಕೊಂಡವು.

“ಬರ್ರಿ ಬೀಗ್ರೇ, ಊಟ ಆತಾ?”

ಅವರೂ ಬಂದೂಕನ್ನು ಕಂಕುಳಿಗೆ ಸಿಕ್ಕಿಸಿ ಕೈ ಮುಗಿದರು. “ಈಗ ಆತ್ರಿ. ಬೀಗ್ತಿ ಆರಾಮಾ?”

“ಕಟ್! ಯಾರ್ರೀ ಇವ್ರನ್ನ ಕರ್ಕೊಂಡ್ ಬಂದೋರು?” ಎಂದು ನಿರ್ದೇಶಕ ಕೂಗಿದ. ಪಾತ್ರ ಹೋಯಿತು, ಊರಲ್ಲಿ ಮಾನವೂ ಹೋಯಿತು ಅಂದುಕೊಂಡೆ. ಆದರೆ ಆತ ಆ ದೃಶ್ಯವನ್ನು ಮತ್ತೆ ಮತ್ತೆ ನೋಡಿ, “ಅಂದ್ರೆ ಗಿರಾಕಿನೂ ಕಳ್ಳರ ಕಡೆಯವನೇ! ಇದೇ ಟ್ವಿಸ್ಟು!” ಎಂದು ಕುಣಿದ.

ಈಗ ಸಿನಿಮಾದಲ್ಲಿ ನಮ್ಮಿಬ್ಬರ ನಂಟು ಪತ್ತೆ ಮಾಡಲು ಪತ್ತೇದಾರ ಕೊನೆಯವರೆಗೂ ತಲೆ ಕೆರೆದುಕೊಳ್ಳುತ್ತಾನೆ. ಪಾಪ, ಮಗಳ ಮದುವೆಗೆ ಬಂದು ಉಂಡುಹೋಗಿದ್ದರೆ ಮಧ್ಯಂತರಕ್ಕೆ ಮುಂಚೆಯೇ ನಮ್ಮನ್ನು ಹಿಡಿಯುತ್ತಿದ್ದ.